ಮೇನ್ ಆಫ್ ಮಾಡದ ಮೇಷ್ಟ್ರು

“ಮೇನ್ ಆಫ್ ಮಾಡೋದನ್ನೇ ಮರೆತೆ ಡಾಕ್ಟ್ರೇ. ಮೂವತ್ತು ವರ್ಷದ ಸರ್ವೀಸು, ಮೂರು ಕಾಸಿನ ಬುದ್ಧಿ.”

ಡಾಕ್ಟರಮ್ಮ ನಗಲಿಲ್ಲ. ಇದೇ ಮನುಷ್ಯ ನಿನ್ನೆ, ಆಫ್ ಮಾಡಿದ್ದೇನೆಂಬ ಭ್ರಮೆಯಲ್ಲಿ ಕೈ ಹಾಕಿದೆ ಎಂದಿದ್ದ. ಮೊನ್ನೆ, ಪಕ್ಕದ ಸ್ವಿಚ್ಚನ್ನು ಆಫ್ ಮಾಡಿಬಿಟ್ಟೆ ಎಂದಿದ್ದ. ಸುಟ್ಟ ಕೈ ಒಂದು, ಕಥೆ ಮೂರು.

ಆತ ಎಲೆಕ್ಟ್ರಿಷಿಯನ್. ಊರಿನ ಅರ್ಧ ಎಲೆಕ್ಟ್ರಿಷಿಯನ್‌ಗಳಿಗೆ ಕಸುಬು ಕಲಿಸಿದ್ದರಿಂದ ಎಲ್ಲರ ಬಾಯಲ್ಲಿ ಮೇಷ್ಟ್ರು. ಹೆಂಡತಿ ನಡೆಸುವ ಹಿಟ್ಟಿನ ಗಿರಣಿ ಮನೆಗೆ ಅಂಟಿಕೊಂಡೇ ಇತ್ತು. ಅಲ್ಲಿ ಮೋಟಾರಿನ ತ್ರೀ ಫೇಸ್ ವೈರು ಬದಲಿಸುವಾಗ ಮೇಷ್ಟ್ರ ಬಲಗೈ ಸುಟ್ಟಿತ್ತು.

ಮೇಲೆ ನೋಡಿದರೆ ಅಂಗೈಗೂ ಬೆರಳುಗಳಿಗೂ ಅಡ್ಡಲಾಗಿ ಒಂದು ಕಪ್ಪು ಗಾಯ, ಅಷ್ಟೆ. ಆದರೆ ಕರೆಂಟು ಒಳಗೆ ನುಗ್ಗಿ ಮಾಂಸ, ನರ, ರಕ್ತನಾಳಗಳನ್ನು ಬೇಯಿಸಿಬಿಟ್ಟಿತ್ತು. ಮುಂಗೈ ಕಲ್ಲಿನಂತೆ ಬಿಗಿದುಕೊಂಡು ಬೆರಳುಗಳಿಗೆ ರಕ್ತ ಹರಿಯುವುದೇ ಕಷ್ಟವಾಗಿತ್ತು. ಬಂದ ಗಂಟೆಯೊಳಗೆ ಡಾಕ್ಟರಮ್ಮ ಅದನ್ನು ಮೊಣಕೈವರೆಗೆ ಸೀಳಿ ಬಿಗಿತ ಬಿಡಿಸಿದ್ದರು. ಆಮೇಲೆ ದಿನ ಬಿಟ್ಟು ದಿನ ಥಿಯೇಟರಿಗೆ ಒಯ್ದು ಸತ್ತ ಮಾಂಸ ಕತ್ತರಿಸಿ ತೆಗೆಯುವ ಕೆಲಸ. ಕೈ ಉಳಿಯುತ್ತದೋ, ಮಣಿಕಟ್ಟಿನಿಂದ ತೆಗೆಯಬೇಕಾಗುತ್ತದೋ, ಯಾರೂ ಹೇಳುವಂತಿರಲಿಲ್ಲ.

ಮೇಷ್ಟ್ರು ಮಾತ್ರ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವುದರಲ್ಲಿ ಮುಳುಗಿದ್ದರು. “ಗಿರಣಿ ಗೋಡೆ ಮೇಲೆ ‘ಎಚ್ಚರಿಕೆ’ ಅಂತ ಬರೆದವನೇ ನಾನು. ಅಕ್ಷರ ದುಂಡಗಿದೆ ಅಂತ ಎಲ್ಲರೂ ಹೊಗಳಿದ್ರು. ಓದೋದು ಬೇರೆಯವರ ಕೆಲಸ ಅಂದ್ಕೊಂಡಿದ್ದೆ” ಎಂದು ನರ್ಸಿಗೆ ಹೇಳುವರು. “ನನ್ನ ಹತ್ರ ಕಲಿತೋರೆಲ್ಲ ಕೈಕಾಲು ನೆಟ್ಟಗಿಟ್ಕೊಂಡಿದ್ದಾರೆ. ಕಲಿಸಿದವನು ಮಾತ್ರ ಪಾಠದ ಹೊತ್ತಲ್ಲಿ ನಿದ್ದೆ ಹೊಡೀತಿದ್ದ” ಎಂದು ಪಕ್ಕದ ಮಂಚದವನಿಗೆ ಹೇಳುವರು.

ಹೆಂಡತಿ ನಗುತ್ತಿರಲಿಲ್ಲ. ಗಂಡ ಬಾಯಿ ತೆರೆದ ಕೂಡಲೇ ತಲೆ ತಗ್ಗಿಸಿ ಹೊದಿಕೆಯ ಅಂಚು ಸರಿಪಡಿಸಲು ತೊಡಗುತ್ತಿದ್ದಳು. ಆಗ ನೀವೆಲ್ಲಿದ್ದಿರಿ ಎಂದು ಡಾಕ್ಟರಮ್ಮ ಕೇಳಿದರೆ, “ಗಿರಣೀಲೇ” ಎಂದಳು. ಸ್ವಿಚ್ ಎಲ್ಲಿದೆ ಎಂದರೆ, “ನಾನು ಕೂರೋ ಕುರ್ಚಿ ಪಕ್ಕ” ಎಂದಳು. ಹೇಳಿ, ನೀರು ತರುವ ನೆಪದಲ್ಲಿ ಎದ್ದು ಹೋದಳು. ಡಾಕ್ಟರಮ್ಮನ ತಲೆಗೆ ಹುಳ ಬಿಟ್ಟಂತಾಯಿತು.

ಸಂಜೆಯಾದರೆ ಮೇಷ್ಟ್ರ ತಂದೆಯ ಸವಾರಿ. ಮಗನಿಗೆ ಕಸುಬು ಕಲಿಸಿದ ಹಳೆಯ ಎಲೆಕ್ಟ್ರಿಷಿಯನ್. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ನರ್ಸ್ ಆರಿಸಿದ್ದ ದೀಪ ಹಾಕಿ, ಫ್ಯಾನು ಹಾಕಿ, ಸ್ಟೂಲ್ ಎಳೆದುಕೊಂಡು ಕೂತರೆ ವಿಚಾರಣೆ ಶುರು.

“ಏನೋ ಇದು, ಕೈ?”

“ಕರೆಂಟ್ ಹೊಡೀತಪ್ಪ.”

“ಮೊದಲು ಏನ್ ಮಾಡ್ಬೇಕು ಅಂತ ಕಲಿಸಿದ್ದೆ?”

“ಮೇನ್ ಆಫ್ ಮಾಡ್ಬೇಕು.”

“ಮಾಡಿದ್ಯಾ?”

“ಇಲ್ಲಪ್ಪ. ಬುದ್ಧಿ ಮೇಯೋಕೆ ಹೋಗಿತ್ತು.”

“ಕತ್ತೆ.”

ಕತ್ತೆ ಒಪ್ಪಿಕೊಂಡಿತು. ವಾರ್ಡಿಗೆ ವಾರ್ಡೇ ನಕ್ಕಿತು. ಬೈದು ಹಗುರಾದ ತಂದೆ ಹಣ್ಣು ಹೆಚ್ಚಿ ಮಗನ ಬಾಯಿಗಿಟ್ಟರು. ಮರುದಿನ ಸಂಜೆ ಮತ್ತೆ ಅದೇ ವಿಚಾರಣೆ, ಮೇಷ್ಟ್ರದು ಹೊಸದೊಂದು ತಪ್ಪೊಪ್ಪಿಗೆ.

ಹನ್ನೆರಡನೆಯ ದಿನ ದೊಡ್ಡ ಆಪರೇಷನ್. ಥಿಯೇಟರಿನ ಬಾಗಿಲಲ್ಲಿ ಡಾಕ್ಟರಮ್ಮ ಟ್ರಾಲಿ ನಿಲ್ಲಿಸಿದರು.

“ಒಂದು ಮಾತು. ಅಂಗೈ, ನಾಲ್ಕೂ ಬೆರಳು ಒಟ್ಟಿಗೆ ಸುಟ್ಟಿವೆ. ವೈರನ್ನ ಮುಷ್ಟಿ ತುಂಬ ಹಿಡಿದಿದ್ರಿ. ನಿಮ್ಮಂಥ ಕಸುಬುದಾರರು ಹಾಗೆ ಹಿಡಿಯೋದು ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿದ ಮೇಲೇನೇ. ಆಮೇಲೆ ಯಾರೋ ಸ್ವಿಚ್ ಹಾಕಿದ್ದಾರೆ. ನಿಮ್ಮ ಹೆಂಡತೀನಾ?”

ಮೇಷ್ಟ್ರಿಗೆ ಮೊದಲ ಬಾರಿ ತಮಾಷೆ ಹೊಳೆಯಲಿಲ್ಲ. “ಅವಳಲ್ಲ. ಅವಳನ್ನ ಏನೂ ಕೇಳ್ಬೇಡಿ” ಎಂದರು. ಭಯ ಮುಖದಲ್ಲೇ ಕಾಣುತ್ತಿತ್ತು. “ಕೈ ಉಳಿಯುತ್ತಾ ಡಾಕ್ಟ್ರೇ? ನನಗೆ ಬೇರೆ ಕೆಲಸ ಬರಲ್ಲ.” ಆಮೇಲೆ ತಾವೇ ಸೇರಿಸಿದರು: “ಈ ಕೆಲಸಾನೂ ಬರಲ್ಲ ಅಂತ ಈಗ ಊರಿಗೆಲ್ಲ ಗೊತ್ತಾಗಿದೆ.”

ಐದು ಗಂಟೆ ಹಿಡಿಯಿತು. ಕಿರುಬೆರಳು, ಉಂಗುರಬೆರಳು ಹೋದವು. ಹೊಟ್ಟೆಯ ಚರ್ಮವನ್ನು ಒಂದು ಪಟ್ಟಿಯಷ್ಟು ಎಬ್ಬಿಸಿ ಉಳಿದ ಕೈಗೆ ಹೊದಿಸಿ ಹೊಲಿದದ್ದಾಯಿತು. ಅದು ಕೈಗೆ ಕೂಡಿಕೊಳ್ಳುವವರೆಗೆ, ಮೂರು ವಾರ, ಕೈ ಹೊಟ್ಟೆಗೆ ಅಂಟಿಕೊಂಡೇ ಇರಬೇಕು. ಹೆಬ್ಬೆರಳು ಬೆಚ್ಚಗಿತ್ತು, ರಕ್ತ ಹರಿಯುತ್ತಿತ್ತು. ಡಾಕ್ಟರಮ್ಮ ಎರಡು ಸಲ ಮುಟ್ಟಿ ನೋಡಿದರು.

ಹೊರಗಿನ ಬೆಂಚಿನ ಮೇಲೆ ಹೆಂಡತಿಯೂ ತಂದೆಯೂ ಕೂತಿದ್ದರು. ಎರಡು ಬೆರಳು ಹೋದವು, ಕೈ ಉಳಿಯಿತು ಎಂದು ಡಾಕ್ಟರಮ್ಮ ಹೇಳಿದಾಗ ಹೆಂಡತಿ ಗೋಡೆಗೆ ಒರಗಿ ಅತ್ತುಬಿಟ್ಟಳು. ತಂದೆ ಗಾಬರಿಯಿಂದ ಎದ್ದು ನಿಂತರು.

“ಯಾವ ಕೈ? ನನ್ನ ಮಗನ ಕೈಗೆ ಏನಾಯ್ತು?”

ಡಾಕ್ಟರಮ್ಮ ತಬ್ಬಿಬ್ಬಾದರು. ಹೆಂಡತಿ ಡಾಕ್ಟರಮ್ಮನನ್ನು ನಾಲ್ಕು ಹೆಜ್ಜೆ ಆಚೆ ಕರೆದೊಯ್ದು ಕಣ್ಣೊರೆಸಿಕೊಂಡಳು.

“ನಮ್ಮನೆಯವರು ಮೇನ್ ಆಫ್ ಮಾಡೋಕೆ ಮರೆತ್ರು ಅಂತ ಇವತ್ತೊಂದಿನ ನೀವೇ ಹೇಳಿಬಿಡಿ ಡಾಕ್ಟ್ರೇ. ಗಿರಣಿ ನಿಂತಿದೆ ಅಂತ ಬಂದು ಸ್ವಿಚ್ ಹಾಕಿದ್ದು ನಮ್ಮ ಮಾವನವರೇ. ಮೊದಲನೇ ದಿನ ಹೀಗೇ ಕೇಳಿದಾಗ ನಾನು ನಿಜ ಹೇಳಿಬಿಟ್ಟೆ, ಬೆಳಗಾಗೋವರೆಗೂ ಎದೆ ಬಡ್ಕೊಂಡು ಅತ್ತರು. ಮಲಗಿ ಎದ್ದಮೇಲೆ ಎಲ್ಲಾ ಮರೆತು ಮತ್ತೆ ಇದನ್ನೇ ಕೇಳಿದ್ರು.”