ಯೋಧನ ಹೊಲದ ಮಣ್ಣು

ಮಾಲಿನಿ ಬರೀ ಮಣ್ಣು ತರುತ್ತಾಳೋ, ಜೊತೆಗೆ ಬಾಯನ್ನೂ ತರುತ್ತಾಳೋ? ಜಾವಗಲ್ಲಿನ ಮೈದಾನದಲ್ಲಿ ಹಾಕಿಸಿದ್ದ ವೇದಿಕೆಯ ಮೇಲೆ ಕೂತು ದೇವೀರಪ್ಪ ಅದನ್ನೇ ಯೋಚಿಸುತ್ತಿದ್ದ. ಪಕ್ಕದಲ್ಲಿ ಪಕ್ಷದ ಮುಖಂಡರು. ಚುನಾವಣೆಯ ಟಿಕೆಟ್ಟು ಅವರ ಜೇಬಿನಲ್ಲಿತ್ತು. ಅವಳು ಒಂದು ಮಾತಾಡಿದರೂ ಟಿಕೆಟ್ಟು ಆ ಜೇಬಿನಲ್ಲೇ ಉಳಿಯುತ್ತಿತ್ತು.

ಬ್ಯಾನರಿನಲ್ಲಿ 'ಯುದ್ಧಕಾಲದ ಪರಿಸರ ಸಂರಕ್ಷಣಾ ದಿನ' ಎಂದಿತ್ತು. ಕೆಳಗೆ ಮಾಲಿನಿಯ ಗಂಡ, ಹುತಾತ್ಮ ಯೋಧ ಧರ್ಮೇಶನ ಚಿತ್ರ. ಅದರ ಎರಡರಷ್ಟು ದೊಡ್ಡದಾಗಿ ದೇವೀರಪ್ಪನದು. ಯೋಧನ ಹೊಲದ ಮಣ್ಣನ್ನು ಕಳಶದಲ್ಲಿಟ್ಟು ಮೆರವಣಿಗೆ ಮಾಡುವುದು ಅವನದೇ ಉಪಾಯ. ಮಣ್ಣನ್ನು ಹೆಂಡತಿಯೇ ತರಲಿ, ಫೋಟೊ ಚೆನ್ನಾಗಿ ಬರುತ್ತದೆ ಎಂದವರು ಮಾತ್ರ ಮುಖಂಡರು.

ಕಷ್ಟವೆಂದರೆ, ಆ ಹೊಲದಲ್ಲಿ ಮಣ್ಣೇ ಇರಲಿಲ್ಲ.

ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡಿನ ಸದ್ದು ಶುರುವಾದಾಗ ಧರ್ಮೇಶ ಅಲ್ಲಿದ್ದ. ಮಾಲಿನಿ ಅರಸೀಕೆರೆಯ ತವರಿನಲ್ಲಿ ಫೋನ್ ಹಿಡಿದು ಕೂತಿದ್ದಳು. ಆಗಲೇ ದೇವೀರಪ್ಪನ ಜೆಸಿಬಿ ಹೊಲಕ್ಕಿಳಿಯಿತು. ಸೈನ್ಯಕ್ಕೆ ಮಣ್ಣಿನ ಚೀಲ ಬೇಕಂತೆ ಎಂದ. ದೇಶದ ಕೆಲಸಕ್ಕೆ ಅಡ್ಡ ಬರುವವರು ಯಾರು? ಧರ್ಮೇಶನ ಅಪ್ಪ ಗಂಗಯ್ಯ ವರ್ಷವರ್ಷವೂ ಕೆರೆಯ ಹೂಳು ತೆಗೆದು, ಆ ಗೋಡು ಹೊಡೆದು ಕಪ್ಪಗೆ ಮಾಡಿದ್ದ ಹೊಲವನ್ನು ಗರಸು ಕಾಣುವ ತನಕ ಕೆರೆದರು. ಲಾರಿಗಳು ಹೋದ ದಾರಿಯನ್ನು ಯಾರೂ ನೋಡಲಿಲ್ಲ. ಊರು ಟಿವಿ ನೋಡುತ್ತಿತ್ತು. ಗಡಿಗೆ ಒಂದು ಚೀಲವೂ ಮುಟ್ಟಲಿಲ್ಲ. ಗಡಿಯಿಂದ ಪೆಟ್ಟಿಗೆ ಬಂತು.

ಆಮೇಲೆ ಕೇಳಲು ಬಂದ ಗಂಗಯ್ಯನನ್ನು ದೇವೀರಪ್ಪ ಒಂದೇ ಮಾತಿನಲ್ಲಿ ಕಳಿಸಿದ್ದ: "ಮಗ ಪ್ರಾಣನೇ ಕೊಟ್ಟವ್ನೆ. ನೀನು ಮಣ್ಣಿಗೆ ಅಳ್ತೀಯಲ್ಲೋ."

ಇವತ್ತು ಬೆಳಿಗ್ಗೆ ಹೆಂಡತಿ ಕಮಲಾಕ್ಷಮ್ಮ ಹೇಳಿದ ಸುದ್ದಿಯಿಂದ ದೇವೀರಪ್ಪನಿಗೆ ಸ್ವಲ್ಪ ಧೈರ್ಯ ಬಂದಿತ್ತು. ಅವಳು ಮನೆ ಮುಂದೆ ಪೈಪಿನಲ್ಲಿ ನೀರು ಬಿಡುತ್ತಿದ್ದಾಗ ಮಾಲಿನಿ ಮನೆಗೆ ಬಂದಿದ್ದಳಂತೆ. ಒಳಗೆ ಕರೆದರೂ ಹೋಗದೆ, ಬ್ಯಾಗು ತಬ್ಬಿಕೊಂಡು ಅಂಗಳದಲ್ಲೇ ಕೂತಳಂತೆ. ಕಾಫಿ ತರುವಷ್ಟರಲ್ಲಿ ಎದ್ದು ಹೋಗಿದ್ದಳಂತೆ. ರಾಜಿಗೆ ಬಂದು, ನಾಚಿಕೊಂಡು ವಾಪಸು ಹೋಗಿದ್ದಾಳೆ ಎಂದು ದೇವೀರಪ್ಪ ಅರ್ಥ ಮಾಡಿಕೊಂಡ. ಅವನಿಗೆ ಎಲ್ಲವೂ ಹಾಗೆಯೇ ಅರ್ಥವಾಗುತ್ತಿತ್ತು.

ಮಾಲಿನಿ ಬಂದಳು. ಕೈಯಲ್ಲಿ ಹಿತ್ತಾಳೆ ಕಳಶ, ಹಿಂದೆ ಗಂಗಯ್ಯ. ಕಳಶವನ್ನು ದೇವೀರಪ್ಪನ ಕೈಗೆ ಕೊಟ್ಟಳು.

ಕಳಶದೊಳಗೆ ಇಣುಕಿದ ದೇವೀರಪ್ಪನ ಎದೆ ಹಗುರಾಯಿತು. ಅವನು ಹೆದರಿದ್ದ ಗರಸುಕಲ್ಲಲ್ಲ. ಕಪ್ಪು ಮಣ್ಣು, ನಡುವೆ ಬಸವನಹುಳುವಿನ ಬಿಳಿ ಚಿಪ್ಪು, ಒಂದಿಷ್ಟು ಹುಲ್ಲು. ಯಾವುದೋ ಬದುವಿನ ಮೂಲೆಯಲ್ಲಿ ಒಂದು ಹಿಡಿ ಉಳಿದಿರಬೇಕು.

"ಧರ್ಮೇಶನ ಹೊಲದ್ದೇ ಅಲ್ವೇನಮ್ಮ?" ಎಂದು ಮೈಕಿನಲ್ಲೇ ಕೇಳಿದ.

"ಮಾವ ಹೇಳ್ಲಿ."

ಗಂಗಯ್ಯ ಒಂದು ಚಿಪ್ಪು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡ. "ನಮ್ದೇ ಕಣ್ರಪ್ಪ. ನಾನೇ ಹೊಡ್ದಿದ್ ಗೋಡು. ಈ ಚಿಪ್ಪು ಸುತ್ತಮುತ್ತ ಬ್ಯಾರೆ ಯಾರ ಹೊಲದಲ್ಲೂ ಇಲ್ಲ."

ದೇವೀರಪ್ಪನಿಗೆ ಮಾತು ಉಕ್ಕಿತು. ಯುದ್ಧದ ನೆಪದಲ್ಲಿ ಬಾವಿಗೆ ವಿಷ ಹಾಕುವವರು, ಬೆಳೆ ಸುಡುವವರು, ನೆಲ ಕೆಡಿಸುವವರು ಮನುಷ್ಯರೇ ಅಲ್ಲವೆಂದ. ಕಳಶವನ್ನು ಎಲ್ಲರ ಕಡೆ ವಾಲಿಸಿ ತೋರಿಸಿದ. "ನೋಡಿ, ಮಳೆ ನಿಂತು ಎಷ್ಟು ದಿನ ಆಯ್ತು, ಇನ್ನೂ ಒದ್ದೆ ಐತೆ. ಹುಲ್ಲು ನೋಡಿ, ಎಂಥಾ ಹಸಿರು. ಯೋಧನ ಭೂಮಿ ಅಂದ್ರೆ ಇದು ಕಣ್ರೀ." ಚಪ್ಪಾಳೆ ಬಿತ್ತು. ಕಳಶವನ್ನು ತಲೆಯ ಮೇಲಿಟ್ಟುಕೊಂಡ. ಕ್ಯಾಮೆರಾಗಳು ಹತ್ತಿರ ಬಂದವು.

ಮುಖಂಡರ ಕಣ್ಣೂ ತುಂಬಿತು. ಮೆರವಣಿಗೆ ಈ ಮಣ್ಣು ತೆಗೆದ ಜಾಗಕ್ಕೇ ಹೋಗಲಿ, ಅಲ್ಲೇ ಎಲ್ಲರೂ ಕೈಮುಗಿಯೋಣ, ದಾರಿ ಹೇಳು ತಾಯಿ ಎನ್ನುತ್ತ ಮೈಕನ್ನು ಮಾಲಿನಿಯ ಮುಂದೆ ಹಿಡಿದರು.

"ದೂರ ಇಲ್ಲ ಸರ್," ಎಂದಳು ಮಾಲಿನಿ. "ದೇವೀರಪ್ಪನವರ ಮನೆ ಮುಂದಿನ ಲಾನು."