ಎಂಟು ಗಂಟೆಯ ಹಸಿರು ದೀಪ

ಎಂಟೂ ಇಪ್ಪತ್ತಾದರೂ ಕ್ಯಾಮೆರಾದ ಹಸಿರು ದೀಪ ಹೊತ್ತಿಕೊಳ್ಳಲಿಲ್ಲ. ಎಪ್ಪತ್ತೊಂಬತ್ತರ ಅತ್ತೆ ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಊರಿನ ಇನ್ನೊಂದು ತುದಿಯಲ್ಲಿರುವ ಅಣ್ಣನ ಮಗ ತನ್ನ ಫೋನಿನಲ್ಲಿ ಇತ್ತ ಇಣುಕಿದರೆ ಆ ದೀಪ ಹೊತ್ತುತ್ತದೆ. ದಿನಾ ಎಂಟಕ್ಕೆ ಅವನು ಇಣುಕಬೇಕು, "ಬಂದ್ಯಾ ಕಳ್ಳ? ನೋಡಾಯ್ತಲ್ಲ, ಹೊರಡಿನ್ನು" ಎಂದು ಇವರು ಗದರಬೇಕು, ಅವನು ನಕ್ಕು ಕೆಲಸಕ್ಕೆ ಹೊರಡಬೇಕು. ಒಂಟಿಯಾಗಿರುವ ಅತ್ತೆಯ ದಿನ ಶುರುವಾಗುವುದೇ ಆ ಗದರಿಕೆಯಿಂದ.

ಮೂರು ಸಲ ಫೋನ್ ಮಾಡಿದರು. ರಿಂಗಾಗಿ ಆಗಿ ನಿಂತಿತು. ಅವನಿರುವುದೂ ಒಂಟಿಯಾಗಿಯೇ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಜೊತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವುದನ್ನು ಮರೆಯುವವನಲ್ಲ, ಚುಚ್ಚಿಕೊಂಡ ಮೇಲೆ ತಿನ್ನುವುದನ್ನು ಮರೆಯುವ ಮಹಾನುಭಾವ. ಹೋದ ವರ್ಷ ಹಾಗೇ ಅಂಗಡಿಯಲ್ಲಿ ಕುಸಿದಿದ್ದ. ಅಲ್ಲಿ ಜನ ಇದ್ದರು, ಉಳಿದುಕೊಂಡ. ಮನೆಯಲ್ಲಿ ಬಿದ್ದರೆ ಯಾರಿದ್ದಾರೆ? ಅತ್ತೆ ಆಪತ್ತಿಗೆಂದು ಕುತ್ತಿಗೆಗೆ ನೇತುಹಾಕಿದ್ದ ಗುಂಡಿಯನ್ನು ಮೊದಲ ಬಾರಿಗೆ ಒತ್ತಿದರು.

ಗೋಡೆಯ ಮೇಲಿನ ಪೆಟ್ಟಿಗೆಯಿಂದ ಒಂಟಿ ವೃದ್ಧರನ್ನು ದೂರದಿಂದಲೇ ನೋಡಿಕೊಳ್ಳುವ ನಿಗಾ ಕೇಂದ್ರದವಳ ದನಿ ಬಂತು. "ಅಮ್ಮಾ, ಬಿದ್ರಾ? ಪೆಟ್ಟಾಗಿದ್ಯಾ?"

"ನಾನು ಗುಂಡುಕಲ್ಲಿನ ಹಾಗಿದ್ದೀನಿ. ಬಿದ್ದಿರೋದು ನನ್ನ ಅಣ್ಣನ ಮಗ. ಅವನ ವಿಳಾಸ ಬರ್ಕೋ, ಗಾಡಿ ಕಳ್ಸು."

"ಬಿದ್ದಿದ್ದಾರೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ದೀಪ ಹತ್ಲಿಲ್ಲ."

ಅತ್ತಲಿಂದ ಚಿಕ್ಕ ಮಕ್ಕಳನ್ನು ರಮಿಸುವ ದನಿ ಕೇಳಿತು. "ಏಳೋದು ತಡ ಆಗಿರ್ಬಹುದು ಅಮ್ಮಾ. ನಮ್ಮ ಗಾಡಿ ನೋಂದಣಿ ಆಗಿರೋ ಮನೆಗೆ ಮಾತ್ರ ಹೋಗೋದು. ನಿಮಗೆ ಏನಾದ್ರೂ ಆದ್ರೆ ನಾವು ಫೋನ್ ಮಾಡ್ಬೇಕಾಗಿರೋದೂ ಅವರಿಗೇ."

"ಮಾಡು ಮತ್ತೆ! ಎತ್ತುತ್ತಾನಾ ನೋಡೋಣ."

ಮಾಡಿದಳು. ಎತ್ತಲಿಲ್ಲ. ಎರಡನೆಯ ನಂಬರಿನ ಜಾಗದಲ್ಲಿ ಅವನ ಅಂಗಡಿಯ ನಂಬರೇ ಇತ್ತು. ಇನ್ನೂ ಬಂದಿಲ್ಲ ಎಂದರಂತೆ ಅಲ್ಲಿ.

ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಲೈನು ಕೊಟ್ಟವರು. ಬೋರ್ಡಿನ ಮುಂದೆ ಕೂತವಳು ಮನಸ್ಸು ಮಾಡಿದರೆ ಏನು ಬೇಕಾದರೂ ಆಗುತ್ತದೆ ಎಂದು ಅವರಿಗೆ ಗೊತ್ತು. ದನಿ ದೂರದಿಂದ ಬಂದಂತೆ ಕೇಳಲೆಂದು ಅಡುಗೆಮನೆಯತ್ತ ನಾಲ್ಕು ಹೆಜ್ಜೆ ಹಾಕಿ, ನಾಚಿಕೆ ಬಿಟ್ಟು ನರಳಿದರು. "ಅಯ್ಯೋ, ಬಿದ್ದೆ ಕಣಮ್ಮಾ! ಸೊಂಟ ಹೋಯ್ತು! ನಾನಿರೋದು ಅವನ ಮನೇಲಿ, ಅಲ್ಲಿಗೇ ಕಳ್ಸು."

"ಅಮ್ಮಾ, ನೀವು ನಿಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೀರಿ. ಬಾಗಿಲಿನ ಸೆನ್ಸರ್ ತೋರಿಸ್ತಿದೆ."

ಅತ್ತೆಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ನುಗ್ಗಿಬಂದವು. "ಎಲ್ಲಾ ಕಾಣುತ್ತೆ ನಿಮಗೆ! ನಾನು ಎದ್ದಿದ್ದು, ಕೂತಿದ್ದು, ಬಚ್ಚಲಿಗೆ ಹೋಗಿದ್ದು ಎಲ್ಲಾ ಬರೆದಿಟ್ಟಿದ್ದೀರಿ. ಅವನು ದಿನಾ ಇಣುಕಿದ್ದು ಬರೆದಿಲ್ವಾ? ತೆಗೆದು ನೋಡು. ಒಂದೇ ಒಂದು ದಿನ ತಪ್ಪಿಸಿದ್ರೆ ಆಮೇಲೆ ನನ್ನ ಕೇಳು!"

ಕೀಲಿಗಳ ಟಕಟಕ ಕೇಳಿಸಿತು. ಅತ್ತೆ ಕ್ಯಾಮೆರಾದಿಂದ ಕಣ್ಣು ಕೀಳಲಿಲ್ಲ. ದೀಪವಿಲ್ಲ. ಎಂಟೂ ಮೂವತ್ತೊಂದು.

"ಎಂಟು," ಅವಳು ಓದತೊಡಗಿದಳು. "ಎಂಟು. ಎಂಟೂ ಒಂದು. ಭಾನುವಾರನೂ ಎಂಟು. ಎಂಟು..." ಓದುತ್ತ ಓದುತ್ತ ಅವಳ ದನಿಯ ರಮಿಸುವಿಕೆ ಮಾಯವಾಯಿತು. "ಎರಡು ವರ್ಷದಲ್ಲಿ ಒಂದು ದಿನಾನೂ ತಪ್ಪಿಲ್ಲ ಅಮ್ಮಾ. ವಿಳಾಸ ಹೇಳಿ. ಬೇಗ ಹೇಳಿ."

ಆಮೇಲೆ ಅವಳು ಲೈನು ಕತ್ತರಿಸಲಿಲ್ಲ. ಅತ್ತೆ ಪೆಟ್ಟಿಗೆಗೆ ಕಿವಿಯಿಟ್ಟು ಗೋಡೆ ಹಿಡಿದು ನಿಂತೇ ಇದ್ದರು. ಕೂತರೆ ಏನೋ ಕೆಟ್ಟದ್ದಾಗಿಬಿಡುತ್ತದೆ ಎಂಬ ಭಯ. ಅತ್ತಲಿನ ಮಾತು ತುಂಡುತುಂಡಾಗಿ ಕೇಳುತ್ತಿತ್ತು. "ತಲುಪಿದ್ರಾ?... ಬಾಗಿಲು ತೆಗೀತಿಲ್ವಾ?... ಇಲ್ಲ, ಕಾಯ್ಬೇಡಿ, ಒಡೀರಿ. ಯಾರಾದ್ರೂ ಕೇಳಿದ್ರೆ ನಾನು ಹೇಳಿದೆ ಅನ್ನಿ." ಆಮೇಲೆ ಏನೂ ಇಲ್ಲ.

"ಏನಾಯ್ತೇ? ಬಾಯಿ ಬಿಡೇ!"

"ಇದ್ದಾರೆ ಅಮ್ಮಾ, ಇದ್ದಾರೆ! ಮಂಚದ ಪಕ್ಕ ಬಿದ್ದಿದ್ರಂತೆ. ಸಕ್ಕರೆ ಪೂರ್ತಿ ಇಳಿದುಹೋಗಿತ್ತು. ಗ್ಲೂಕೋಸ್ ಕೊಟ್ಟಿದ್ದಾರೆ, ಕಣ್ಣು ಬಿಟ್ರು. ಇನ್ನೊಂದು ಅರ್ಧ ಗಂಟೆ ಆಗಿದ್ರೆ..."

ಅತ್ತೆ ಕುರ್ಚಿಗೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತರು. ಪೆಟ್ಟಿಗೆಯೊಳಗಿನವಳೂ ಮೂಗು ಒರೆಸಿಕೊಂಡಂತೆ ಕೇಳಿತು. ಅಳು ಮುಗಿಸಿ ಅತ್ತೆ ಗಂಟಲು ಸರಿಮಾಡಿಕೊಂಡರು.

"ನೋಡು ಮಗಳೇ, ಇಂಥದ್ದೇ ಕ್ಯಾಮೆರಾ, ಇಂಥದ್ದೇ ಗುಂಡಿ ಅವನ ಮನೆಗೂ ಹಾಕ್ಸು. ಇವತ್ತೇ ಆಗ್ಬೇಕು."

"ಅವರ ವಯಸ್ಸೆಷ್ಟು ಅಮ್ಮಾ?"

"ನಲವತ್ತೆಂಟು."

"ಆಗಲ್ಲ ಅಮ್ಮಾ. ಈ ಸೇವೆ ಅರವತ್ತು ತುಂಬಿದವರಿಗೆ ಮಾತ್ರ."

ಅತ್ತೆ ಬೆರಳು ಮಡಚಿ ಎಣಿಸಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದರು:

"ಹಾಗಿದ್ರೆ ಇನ್ನು ಹನ್ನೆರಡು ವರ್ಷ ನಾನು ಸಾಯೋ ಹಾಗಿಲ್ಲ, ಬಿಡು."