ಹಸಿರಾಗದ ತಾಯತ

ದುಂಡವ್ವನ ಮನೆಯಿಂದ ಸರಕಾರಿ ತಾಯತವನ್ನು ವಾಪಸು ತರಲು ಅಂಗನವಾಡಿ ಟೀಚರ್ ನಿಂಬವ್ವ ಹೊರಟಳು. ಆ ಕಾಲಕ್ಕೆ ಮೂರು ವರ್ಷದೊಳಗಿನ ಎಲ್ಲ ಮಕ್ಕಳ ಕೊರಳಲ್ಲೂ ಅಂಥದೊಂದು ಇರುತ್ತಿತ್ತು. ಮನೆಯವರು ಮಗುವಿಗೆ ದಿನಕ್ಕೆ ಐದು ಸಾವಿರ ಮಾತು ಕೇಳಿಸಿದರೆ ಅದರ ದೀಪ ಹಸಿರಾಗುತ್ತಿತ್ತು, ಇಲ್ಲದಿದ್ದರೆ ಕೆಂಪಗೇ ಉಳಿಯುತ್ತಿತ್ತು.

ದುಂಡವ್ವನ ಮಗಳು ಚಂಪಾಳದು ಒಮ್ಮೆಯೂ ಹಸಿರಾಗಿರಲಿಲ್ಲ. ಪವರ್‌ಲೂಮಿನ ಸದ್ದಿನಲ್ಲಿ ದಿನವಿಡೀ ನೇಯುವ ದುಂಡವ್ವ ಮಗಳಿಗೆ ಎಲ್ಲವನ್ನೂ ಕೈಸನ್ನೆಯಲ್ಲೇ ಹೇಳುತ್ತಿದ್ದಳು. ಮಗು ನಗುತ್ತಿತ್ತು. ತಾಯತ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

"ಎಂಥಾ ತಾಯಿ ನೀ? ಬಾಯಿ ಬಿಟ್ಟು ಮಾತಾಡಾಕ ಏನ್ ಧಾಡಿ ನಿನಗ?" ಎಂದು ತಾಯಂದಿರ ಸಭೆಯಲ್ಲಿ ಎಲ್ಲರೆದುರು ನಿಂಬವ್ವ ಗದರಿದ್ದಳು. ಅದಾಗಿ ಎಂಟೇ ದಿನಕ್ಕೆ ಚಂಪಾ ಜ್ವರದಲ್ಲಿ ತೀರಿಕೊಂಡಳು.

ನಿಂಬವ್ವ ಹೋದಾಗ ಮನೆಯಲ್ಲಿ ಮಗ್ಗ ನಿಂತಿತ್ತು. ದುಂಡವ್ವ ತಾಯತವನ್ನು ಮಡಿಲಲ್ಲಿಟ್ಟುಕೊಂಡು ಅದಕ್ಕೆ ಮಾತಾಡುತ್ತಿದ್ದಳು. ಒಲೆ ಹಚ್ಚಿದ್ದು, ಸೀರೆಯ ಅಂಚಿಗೆ ಹೊಸ ನೂಲು ಬಂದದ್ದು, ಬೆಕ್ಕು ಮರಿ ಹಾಕಿದ್ದು, ಒಂದನ್ನೂ ಬಿಡಲಿಲ್ಲ.

"ತಾಯತ ಒಯ್ಯಾಕ ಬಂದೀನವಾ," ಎಂದಳು ನಿಂಬವ್ವ, ನೆಲ ನೋಡುತ್ತ.

"ಒಂದೀಟು ಕುಂದರ್ರಿ ಟೀಚರ್ರ. ಇವತ್ತಿನ ಮಾತು ಇನ್ನ ಸ್ವಲ್ಪ ಉಳದಾವು."

ನಿಂಬವ್ವ ಕುಳಿತಳು. ಬೆಕ್ಕಿನ ಮರಿಗಳ ಬಣ್ಣ ಹೇಳಿ ಮುಗಿಸುವಷ್ಟರಲ್ಲಿ ದೀಪ ಹಸಿರಾಯಿತು. ದುಂಡವ್ವ ತಾಯತವನ್ನು ಸೆರಗಿನಿಂದ ಒರೆಸಿ ಅವಳ ಅಂಗೈಯಲ್ಲಿಟ್ಟಳು.

"ಮುಂದಿನ ಸಭಾದಾಗ ಇದನ್ನೂ ಎಲ್ಲಾರಿಗೆ ತೋರಸ್ರಿ."